ಸಾಹುಕಾರನ ಲೆಕ್ಕದ ಪುಸ್ತಕಕ್ಕೆ ಕಾನೂನು ಬಂದ ಕಥೆ: ಪಂಜಾಬಿನ ಸರ್ ಛೋಟು ರಾಮ್

2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಮೈಕ್ರೋಫೈನಾನ್ಸ್ ಕಿರುಕುಳ ತಡೆಯಲು ಒಂದು ಸುಗ್ರೀವಾಜ್ಞೆ ತಂದಿತು. ಮನೆ ಬಾಗಿಲಿಗೆ ಬಂದು ಕೂರುವ ವಸೂಲಿಗಾರರ ಸುದ್ದಿ ಆಗ ದಿನಾ ಪತ್ರಿಕೆಯಲ್ಲಿ ಬರುತ್ತಿತ್ತು. ಆ ಸುಗ್ರೀವಾಜ್ಞೆಯಲ್ಲಿ ಒಂದು ಮುಖ್ಯ ಮಾತಿತ್ತು. ನೋಂದಣಿಯೂ ಇಲ್ಲದೆ, ಲೈಸೆನ್ಸೂ ಇಲ್ಲದೆ ಬಡವರಿಗೆ ಸಾಲ ಕೊಟ್ಟವರು ಅದನ್ನು ವಸೂಲಿ ಮಾಡಲು ಕೋರ್ಟಿಗೆ ಹೋಗುವಂತಿಲ್ಲ. ಕೊಟ್ಟ ದುಡ್ಡು ಕೇಳೋಕೆ ಕೋರ್ಟಿಗೂ ಹೋಗಬಾರದಾ, ಹೀಗೂ ಕಾನೂನು ಮಾಡಬಹುದಾ ಎಂದು ಹಲವರು ಕೇಳಿದರು.

ಮಾಡಬಹುದು. 1938ರಲ್ಲೇ ಲಾಹೋರಿನ ಶಾಸನಸಭೆ ಇಂಥದ್ದೇ ಒಂದು ಕಾಯ್ದೆ ಮಾಡಿತ್ತು. ಅದರ ಹಿಂದೆ ಇದ್ದವರು ರೋಹ್ತಕ್ ಕಡೆಯ ಒಬ್ಬ ವಕೀಲ, ಸರ್ ಛೋಟು ರಾಮ್. ಹರಿಯಾಣ, ಪಂಜಾಬ್‌ಗಳಲ್ಲಿ ಈ ಹೆಸರು ಗೊತ್ತಿಲ್ಲದ ರೈತರ ಮನೆ ಸಿಗುವುದು ಕಷ್ಟ. 2021ರ ಫೆಬ್ರುವರಿ 16ರಂದು, ವಸಂತ ಪಂಚಮಿಯ ದಿನ, ದೆಹಲಿ ಗಡಿಯಲ್ಲಿ ಧರಣಿ ಕೂತಿದ್ದ ರೈತ ಸಂಘಟನೆಗಳು ಇವರ ಜಯಂತಿ ಆಚರಿಸಿದವು. ಅವರ ಜಯಂತಿಯನ್ನು ಹುಟ್ಟಿದ ತಾರೀಖಿಗಲ್ಲ, ಆ ಹಬ್ಬಕ್ಕೆ ಆಚರಿಸುವುದು ಅಲ್ಲಿಯ ರೂಢಿ. ನಮ್ಮ ಕಡೆ ಮಾತ್ರ ಇವರ ಬಗ್ಗೆ ಕೇಳಿದವರು ಕಡಿಮೆ.

ಈ ಲೇಖನದಲ್ಲಿ ಅವರ ಬದುಕಿಗಿಂತ ಅವರು ಮಾಡಿಸಿದ ಕಾಯ್ದೆಗಳ ಬಗ್ಗೆಯೇ ಜಾಸ್ತಿ ಹೇಳುತ್ತೇನೆ. ಸಾಲದ ಬಗ್ಗೆ ಕಾನೂನು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಅವಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮೊದಲು ಆ ಕಾಲದ ಪಂಜಾಬ್

ಇಲ್ಲಿ ಪಂಜಾಬ್ ಎಂದರೆ ಇವತ್ತಿನ ಪುಟ್ಟ ರಾಜ್ಯವಲ್ಲ. ಇವತ್ತಿನ ಪಾಕಿಸ್ತಾನದ ಪಂಜಾಬ್, ಭಾರತದ ಪಂಜಾಬ್, ಹರಿಯಾಣ, ಹಿಮಾಚಲದ ಕೆಲವು ಭಾಗ, ಎಲ್ಲ ಸೇರಿದ ದೊಡ್ಡ ಪ್ರಾಂತ್ಯ. ರಾಜಧಾನಿ ಲಾಹೋರ್.

ಇನ್ನೊಂದು ಪದ ಸರಿಮಾಡಿಕೊಳ್ಳಬೇಕು. ಜಮೀನ್ದಾರ ಎಂದ ಕೂಡಲೇ ನಮಗೆ ಊರಿಗೇ ಒಡೆಯನಾದ ಶ್ರೀಮಂತ ಕಣ್ಣಿಗೆ ಬರುತ್ತಾನೆ. ಪಂಜಾಬಿನಲ್ಲಿ ಹಾಗಲ್ಲ. ನಾಲ್ಕು ಎಕರೆ ಇದ್ದು ಸ್ವಂತ ಉಳುವವನೂ ಅಲ್ಲಿ ಜಮೀನ್ದಾರನೇ. ಛೋಟು ರಾಮ್ ಜಮೀನ್ದಾರರ ನಾಯಕ ಎಂದು ಎಲ್ಲಾದರೂ ಓದಿದರೆ ಅದನ್ನು ರೈತರ ನಾಯಕ ಎಂದು ತಿಳಿಯಬೇಕು.

ಈ ರೈತನ ತೊಂದರೆ ಶುರುವಾಗುತ್ತಿದ್ದುದು ಕಂದಾಯದಿಂದ. ಬ್ರಿಟಿಷರು ಕಂದಾಯವನ್ನು ನಗದಾಗಿ, ಗೊತ್ತಾದ ದಿನಕ್ಕೆ ಕೇಳುತ್ತಿದ್ದರು. ಬೆಳೆ ಕೈಗೆ ಬಂದಿರುತ್ತಿರಲಿಲ್ಲ. ರೈತ ಊರ ಸಾಹುಕಾರನ ಹತ್ತಿರ ಹೋಗುತ್ತಿದ್ದ. ಸಾಹುಕಾರನ ಬಳಿ 'ಬಹಿ' ಎಂಬ ಕೆಂಪು ಬಟ್ಟೆ ಹೊದಿಸಿದ ಉದ್ದನೆಯ ಲೆಕ್ಕದ ಪುಸ್ತಕ ಇರುತ್ತಿತ್ತು. ಅದರಲ್ಲಿ ಏನು ಬರೆದಿದೆ ಎಂದು ಓದಲು ರೈತನಿಗೆ ಬರುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತಿ ಬರುತ್ತಿದ್ದ. ಮುಂದೆ ಜಗಳವಾದರೆ ಕೋರ್ಟಿನಲ್ಲಿ ಸಾಕ್ಷಿ ಆಗುತ್ತಿದ್ದುದು ಆ ಬಹಿಯೇ.

ಬಡ್ಡಿಯ ಲೆಕ್ಕ ಸ್ವಲ್ಪ ನೋಡಿ. ನೂರಕ್ಕೆ ತಿಂಗಳಿಗೆ 2 ರೂಪಾಯಿ ಎಂದರೆ ಕೇಳಲು ದೊಡ್ಡದಲ್ಲ ಅನಿಸುತ್ತದೆ, ಅಲ್ವಾ? ಅದು ವರ್ಷಕ್ಕೆ 24. ಕಟ್ಟದ ಬಡ್ಡಿಯನ್ನು ವರ್ಷಕ್ಕೊಮ್ಮೆ ಅಸಲಿಗೆ ಸೇರಿಸುತ್ತಾ ಹೋದರೆ, ಅಂದರೆ ಚಕ್ರಬಡ್ಡಿಯಾದರೆ, 100 ರೂಪಾಯಿ 10 ವರ್ಷಕ್ಕೆ 850 ದಾಟುತ್ತದೆ. ಎರಡು ಸಲ ಮಳೆ ಕೈಕೊಟ್ಟರೆ ಸಾಕು, ಅಪ್ಪನ ಸಾಲ ಮಗನ ಹೆಸರಿಗೆ ಬರುತ್ತಿತ್ತು.

1929ರ ನಂತರ ಜಗತ್ತಿನ ಆರ್ಥಿಕ ಕುಸಿತ ಪಂಜಾಬಿಗೂ ತಟ್ಟಿತು. ಎರಡು ವರ್ಷದಲ್ಲಿ ಗೋಧಿ ಬೆಲೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಸಾಲ ಮಾತ್ರ ರೂಪಾಯಿಯಲ್ಲಿ ಅಷ್ಟೇ ಇತ್ತು. ಮೊದಲು ಹತ್ತು ಮೂಟೆ ಮಾರಿ ತೀರಿಸಬಹುದಾಗಿದ್ದ ಸಾಲಕ್ಕೆ ಈಗ ಇಪ್ಪತ್ತಕ್ಕಿಂತ ಜಾಸ್ತಿ ಮೂಟೆ ಬೇಕಾಯಿತು.

ಗಢೀ ಸಾಂಪ್ಲಾದ ಹುಡುಗ

ಛೋಟು ರಾಮ್ ಹುಟ್ಟಿದ್ದು 1881ರ ನವೆಂಬರ್ 24ರಂದು, ರೋಹ್ತಕ್ ಜಿಲ್ಲೆಯ ಗಢೀ ಸಾಂಪ್ಲಾದ ಒಂದು ಜಾಟ್ ರೈತ ಕುಟುಂಬದಲ್ಲಿ. ನಿಜವಾದ ಹೆಸರು ರಾಮ್ ರಿಛಪಾಲ್. ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವನು ಎಂದು 'ಛೋಟು' ಎನ್ನುತ್ತಿದ್ದರು. ಶಾಲೆಯಲ್ಲೂ ಅದೇ ಹೆಸರು ನಿಂತಿತು.

ಹರಿಯಾಣದಲ್ಲಿ ಎಲ್ಲರ ಬಾಯಲ್ಲೂ ಇರುವ ಒಂದು ಕಥೆ ಇದೆ. ಮಗನನ್ನು ಮುಂದೆ ಓದಿಸಲು ಸಾಲ ಕೇಳೋಣ ಎಂದು ಅಪ್ಪ ಅವನನ್ನೂ ಕರೆದುಕೊಂಡು ಸಾಹುಕಾರನ ಅಂಗಡಿಗೆ ಹೋದರಂತೆ. ಸಾಹುಕಾರ ಸಾಲದ ಮಾತಿಗೆ ಮೊದಲು ಪಂಕಾದ ಹಗ್ಗ ಅಪ್ಪನ ಕೈಗೆ ಕೊಟ್ಟು ಎಳೆ ಎಂದನಂತೆ. ಸಾಹುಕಾರನ ಮಗ ಅಲ್ಲೇ ಸುಮ್ನೆ ಕೂತಿದ್ದ. ಅಪ್ಪ ಬೆವರು ಸುರಿಸುತ್ತಾ ಗಾಳಿ ಹಾಕುವುದನ್ನು ಹುಡುಗ ನೋಡಿದ. ಅವನ ಮುಂದಿನ ಬದುಕಿಗೆಲ್ಲ ಇದೇ ಮೊದಲು ಎಂದು ಅಲ್ಲಿಯವರು ಹೇಳುತ್ತಾರೆ.

ಹುಡುಗ ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಓದಿ 1905ರಲ್ಲಿ ಪದವಿ ಪಡೆದ. ಕಾಲಾಕಾಂಕರ್ ಸಂಸ್ಥಾನದಲ್ಲಿ ಸ್ವಲ್ಪ ಕಾಲ ಕೆಲಸ, ಆಗ್ರಾದಲ್ಲಿ ಕಾನೂನು ಓದು, ಆಮೇಲೆ ರೋಹ್ತಕ್‌ನಲ್ಲಿ ವಕೀಲಿ. 1916ರಲ್ಲಿ ಉರ್ದುವಿನಲ್ಲಿ 'ಜಾಟ್ ಗೆಜೆಟ್' ಎಂಬ ವಾರಪತ್ರಿಕೆ ಶುರು ಮಾಡಿದರು. ಅದೇ ವರ್ಷ ರೋಹ್ತಕ್ ಜಿಲ್ಲಾ ಕಾಂಗ್ರೆಸ್‌ನ ಮುಖ್ಯಸ್ಥರೂ ಆದರು.

1920ರಲ್ಲಿ ಅಸಹಕಾರ ಚಳವಳಿ ಬಂದಾಗ ಕಾಂಗ್ರೆಸ್ ಬಿಟ್ಟರು. ಅವರಿಗೆ ಅದು ಒಪ್ಪಿಗೆಯಾಗಲಿಲ್ಲ. ಶಾಸನಸಭೆಯೊಳಗೆ ಕೂತು ಕಾನೂನು ಮಾಡಿಸಿದರೇ ರೈತನಿಗೆ ಏನಾದರೂ ಸಿಗುವುದು ಎಂಬುದು ಅವರ ದಾರಿ. ಮೊದಲ ಮಹಾಯುದ್ಧದಲ್ಲಿ ಸೈನ್ಯಕ್ಕೆ ಜನ ಸೇರಿಸಲು ನೆರವಾಗಿದ್ದರು. 1937ರಲ್ಲಿ ಬ್ರಿಟಿಷರಿಂದ 'ಸರ್' ಪದವಿಯನ್ನೂ ಪಡೆದರು. ಸ್ವಾತಂತ್ರ್ಯ ಹೋರಾಟದ ಕಥೆಗಳಲ್ಲಿ ಅವರ ಹೆಸರು ಅಷ್ಟಾಗಿ ಬರದಿರಲು ಇದು ಒಂದು ಕಾರಣ.

ಯೂನಿಯನಿಸ್ಟ್ ಪಕ್ಷ ಎಂದರೆ ಏನು?

1923ರಲ್ಲಿ ಪಂಜಾಬಿನ ಮುಸ್ಲಿಂ ನಾಯಕ ಫಜ್ಲ್-ಇ-ಹುಸೇನ್ ಮತ್ತು ಛೋಟು ರಾಮ್ ಸೇರಿ ಯೂನಿಯನಿಸ್ಟ್ ಪಕ್ಷ ಕಟ್ಟಿದರು. ಇದು ಪಂಜಾಬಿಗಷ್ಟೇ ಸೇರಿದ ಪ್ರಾದೇಶಿಕ ಪಕ್ಷ. ಮುಸ್ಲಿಂ, ಹಿಂದೂ, ಸಿಖ್ ಮೂವರೂ ಅದರಲ್ಲಿದ್ದರು. ಜಮೀನು ಇರುವವರ ಹಿತ ಅವರನ್ನು ಒಟ್ಟಿಗೆ ಹಿಡಿದಿತ್ತು.

ಆಗ ಎಲ್ಲರಿಗೂ ಮತ ಇರಲಿಲ್ಲ ಎಂಬುದು ನೆನಪಿರಲಿ. ಜಮೀನು, ತೆರಿಗೆ, ಓದು ಇಂಥ ಅರ್ಹತೆ ಇದ್ದವರಿಗೆ ಮಾತ್ರ ಇತ್ತು. ಹಳ್ಳಿಯಲ್ಲಿ ಆ ಅರ್ಹತೆ ಇದ್ದವರು ಹೆಚ್ಚಾಗಿ ಭೂಮಿ ಇದ್ದವರೇ. 1937ರಲ್ಲಿ 175 ಸ್ಥಾನಗಳ ಸಭೆಗೆ ಚುನಾವಣೆ ನಡೆದಾಗ ಯೂನಿಯನಿಸ್ಟರು ಬಹುಮತ ಪಡೆದರು. ಮುಸ್ಲಿಂ ಲೀಗ್ ಗೆದ್ದಿದ್ದು ಬರೀ 2. ಸಿಕಂದರ್ ಹಯಾತ್ ಖಾನ್ ಪ್ರಧಾನಿಯಾದರು. ಪ್ರಾಂತ್ಯದ ಮುಖ್ಯಸ್ಥನನ್ನು ಆಗ ಪ್ರಧಾನಿ ಎಂದೇ ಕರೆಯುತ್ತಿದ್ದರು. ಛೋಟು ರಾಮ್ ಅಭಿವೃದ್ಧಿ ಸಚಿವರಾದರು, ಮುಂದೆ ಕಂದಾಯ ಸಚಿವರೂ ಆದರು.

ಕಾಯ್ದೆಗಳ ಸರಪಳಿ

ಈ ಕಾಯ್ದೆಗಳನ್ನು ಬಿಡಿಬಿಡಿಯಾಗಿ ಓದಿದರೆ ಒಣ ಸರ್ಕಾರಿ ಕಾಗದದಂತೆ ಕಾಣುತ್ತವೆ. ಒಂದರ ಹಿಂದೆ ಒಂದನ್ನು ಇಟ್ಟರೆ ವಿಷಯ ಬಿಡಿಸಿಕೊಳ್ಳುತ್ತದೆ. ಒಂದು ಕಾಯ್ದೆ ಬರುತ್ತದೆ, ಸಾಹುಕಾರ ಅದರಲ್ಲಿ ತೂತು ಹುಡುಕುತ್ತಾನೆ, ಮುಂದಿನ ಕಾಯ್ದೆ ಆ ತೂತು ಮುಚ್ಚುತ್ತದೆ.

ಮೊದಲ ಪ್ರಶ್ನೆ ಲೆಕ್ಕದ್ದು. ಸಾಲ ಎಷ್ಟಿದೆ ಎಂದೇ ಗೊತ್ತಿಲ್ಲದವನಿಗೆ ಯಾವ ಕಾನೂನಿನಿಂದ ಏನು ಉಪಯೋಗ? ಸಾಹುಕಾರರನ್ನು ಹತೋಟಿಗೆ ತರುವ ಒಂದು ಮಸೂದೆ 1926ರಲ್ಲೇ ಸಭೆ ದಾಟಿತ್ತು. ಗವರ್ನರ್ ಅಂಕಿತ ಹಾಕಲಿಲ್ಲ. 1930ರಲ್ಲಿ ಲೆಕ್ಕ ನಿಯಂತ್ರಣ ಕಾಯ್ದೆ ಬಂತು. ಪ್ರತಿ ಸಾಲಗಾರನಿಗೂ ಬೇರೆ ಖಾತೆ ಇಡಬೇಕು. ಅಸಲು ಬೇರೆ, ಬಡ್ಡಿ ಬೇರೆ ತೋರಿಸಬೇಕು. ಆರು ತಿಂಗಳಿಗೊಮ್ಮೆ ಲೆಕ್ಕದ ಚೀಟಿ ಸಾಲಗಾರನಿಗೆ ಕಳಿಸಬೇಕು. ಇವತ್ತು ಬ್ಯಾಂಕಿನಿಂದ ಮೊಬೈಲಿಗೆ ಬರುವ ಸ್ಟೇಟ್‌ಮೆಂಟ್ ಇದೆಯಲ್ಲ, ಅದೇ ಕೆಲಸ.

ಲೆಕ್ಕ ಸರಿ ಇದ್ದರೂ ಬಡ್ಡಿ ಬೆಳೆಯುತ್ತಲೇ ಇತ್ತು. 1934ರ ಸಾಲ ಪರಿಹಾರ ಕಾಯ್ದೆ ಅದಕ್ಕೆ ಕೈಹಾಕಿತು. ಛೋಟು ರಾಮ್ ಆಗ ಮಂತ್ರಿಯಲ್ಲ, ಸಭೆಯಲ್ಲಿ ಯೂನಿಯನಿಸ್ಟರ ನಾಯಕ. ಈ ಕಾಯ್ದೆಯಲ್ಲಿ 'ದಾಮ್‌ದುಪಟ್' ಎಂಬ ಹಳೆಯ ನಿಯಮವಿದೆ. ದಾಮ್ ಎಂದರೆ ದುಡ್ಡು, ದುಪಟ್ ಎಂದರೆ ದುಪ್ಪಟ್ಟು. ಅಸಲಿನ ದುಪ್ಪಟ್ಟಿಗಿಂತ ಹೆಚ್ಚು ವಸೂಲಿ ಮಾಡಲು ಕೋರ್ಟ್ ಅವಕಾಶ ಕೊಡಬಾರದು. ಈಗಾಗಲೇ ಕಟ್ಟಿದ್ದನ್ನೂ ಅದರಲ್ಲಿ ಕಳೆಯಬೇಕು. ರೈತ 500 ರೂಪಾಯಿ ತಂದಿದ್ದ, ಇಷ್ಟು ವರ್ಷದಲ್ಲಿ 800 ಕಟ್ಟಿದ್ದಾನೆ ಎಂದುಕೊಳ್ಳಿ. ದುಪ್ಪಟ್ಟು ಎಂದರೆ 1,000. ಸಾಹುಕಾರನ ಬಹಿಯಲ್ಲಿ 3,000 ಬಾಕಿ ಇದ್ದರೂ ಕೋರ್ಟು ಕೊಡಿಸುವುದು 200 ಮಾತ್ರ.

ಅದೇ ಕಾಯ್ದೆ ಸಾಲ ರಾಜಿ ಮಂಡಳಿಗಳನ್ನೂ ಮಾಡಿತು. ಎರಡೂ ಕಡೆಯವರನ್ನು ಕೂರಿಸಿ, ಕೊಡಲು ಸಾಧ್ಯವಾಗುವಷ್ಟಕ್ಕೆ ಇಳಿಸಿ, ಕಂತು ಮಾಡಿಕೊಡುವುದು ಇವುಗಳ ಕೆಲಸ. ನಮ್ಮೂರ ಪಂಚಾಯಿತಿ ಕಟ್ಟೆಯ ರಾಜಿಯ ಹಾಗೆ, ಆದರೆ ಕಾನೂನಿನ ಬಲ ಇರುವಂಥದ್ದು.

ಇನ್ನು ಜಪ್ತಿ. ಸಾಲ ತೀರಿಸದವನ ಆಸ್ತಿಯನ್ನು ಕೋರ್ಟಿನ ಮೂಲಕ ಹಿಡಿದು ಹರಾಜು ಹಾಕುವುದು. ಪಂಜಾಬಿನಲ್ಲಿ ಇದಕ್ಕೆ 'ಕುರ್ಕಿ' ಎನ್ನುತ್ತಾರೆ. ಎತ್ತು ಒಯ್ದರೆ ಮುಂದಿನ ಬೆಳೆ ಹೇಗೆ ಬರಬೇಕು? ಬೆಳೆ ಬರದೆ ಸಾಲ ಹೇಗೆ ತೀರಬೇಕು? 1934ರ ಮತ್ತು 1936ರ ಕಾಯ್ದೆಗಳು ರೈತನ ಮನೆ, ಕೊಟ್ಟಿಗೆ, ಉಳುವ ಸಾಮಾನು, ಹೊಲದಲ್ಲಿ ನಿಂತ ಬೆಳೆ, ಮರ ಇವಕ್ಕೆಲ್ಲ ಜಪ್ತಿಯಿಂದ ರಕ್ಷಣೆ ಕೊಟ್ಟವು.

1938: ಒಂದೇ ವರ್ಷದಲ್ಲಿ ಮೂರು ಹೊಡೆತ

ಅಧಿಕಾರ ಕೈಗೆ ಬಂದ ಮೇಲೆ ವೇಗ ಹೆಚ್ಚಿತು.

ಮೊದಲನೆಯದು ಸಾಹುಕಾರರ ನೋಂದಣಿ ಕಾಯ್ದೆ. ಲೆಕ್ಕ ಇಡಬೇಕು ಎಂದು 1930ರಲ್ಲಿ ಹೇಳಿದ್ದರು. ಇಡದಿದ್ದರೆ ಏನು? ಹೆಚ್ಚೆಂದರೆ ಬಡ್ಡಿ ಹೋಗುತ್ತಿತ್ತು, ವ್ಯಾಪಾರ ನಿಲ್ಲುತ್ತಿರಲಿಲ್ಲ. ಈಗ ಸಾಲ ಕೊಡುವುದನ್ನೇ ಲೈಸೆನ್ಸ್ ಬೇಕಾದ ಕಸುಬು ಮಾಡಿದರು. ಲೈಸೆನ್ಸ್ ಇಲ್ಲದವನು ಸಾಲ ಕೊಟ್ಟರೆ ಜೈಲೇನಲ್ಲ, ಆದರೆ ಅವನ ದಾವೆಯನ್ನು ಕೋರ್ಟ್ ವಜಾ ಮಾಡುತ್ತದೆ. ಸುಳ್ಳು ಲೆಕ್ಕ ಬರೆದರೆ ಲೈಸೆನ್ಸೇ ಹೋಗಬಹುದು. ಇದರಲ್ಲಿ ಪೊಲೀಸರೂ ಬೇಡ, ತಪಾಸಣಾಧಿಕಾರಿಯೂ ಬೇಡ. ಕೋರ್ಟಿನ ಬಾಗಿಲು ಯಾರಿಗೆ ತೆರೆಯಬೇಕು ಎಂದು ಹೇಳಿದರೆ ಸಾಕು. ಕರ್ನಾಟಕದ 2025ರ ಸುಗ್ರೀವಾಜ್ಞೆ ಜೈಲು, ದಂಡ ಎಲ್ಲ ಸೇರಿಸಿ ಇನ್ನೂ ಮುಂದೆ ಹೋಗಿದೆ. ಆದರೂ ಅದರೊಳಗಿನ ಕೀಲಿ ಇದೇ.

ಎರಡನೆಯದು ಅಡಮಾನದ ಭೂಮಿ ವಾಪಸ್ ಕಾಯ್ದೆ. ಇದಕ್ಕೆ ನಮ್ಮ 'ಭೋಗ್ಯ' ನೆನಪಿಸಿಕೊಳ್ಳಿ. ದುಡ್ಡು ತೆಗೆದುಕೊಂಡು ಹೊಲವನ್ನು ಸಾಲಗಾರನ ಕೈಯಿಂದ ಕೊಟ್ಟವನ ಕೈಗೆ ಬಿಡುವುದು. ಅವನು ಬೆಳೆ ತಿನ್ನುತ್ತಾನೆ, ದುಡ್ಡು ವಾಪಸ್ ಕೊಟ್ಟ ದಿನ ಹೊಲ ಬಿಡುತ್ತಾನೆ. ಪಂಜಾಬಿನಲ್ಲಿ 1900ರ ಭೂ ಪರಭಾರೆ ಕಾಯ್ದೆ 1901ರ ಜೂನ್ 8ರಂದು ಜಾರಿಗೆ ಬಂದಿತ್ತು. ಪಟ್ಟಿಯಲ್ಲಿರುವ ಕೃಷಿಕ ಜಾತಿಗಳ ಭೂಮಿಯನ್ನು ಹೊರಗಿನವರು ಕೊಳ್ಳುವಂತಿಲ್ಲ, ಭೋಗ್ಯ ಹಾಕಿಸಿಕೊಂಡರೂ 20 ವರ್ಷಕ್ಕೆ ತಾನಾಗಿ ಬಿಡಬೇಕು ಎಂದು ಅದು ಹೇಳಿತ್ತು. ಆ ದಿನಕ್ಕಿಂತ ಹಿಂದಿನ ಭೋಗ್ಯಗಳು ಮಾತ್ರ ಹಾಗೇ ಉಳಿದಿದ್ದವು. ಮೂವತ್ತೇಳು ವರ್ಷಕ್ಕಿಂತ ಹೆಚ್ಚು ಕಾಲ ಬೇರೆಯವರು ಆ ಹೊಲಗಳ ಬೆಳೆ ತಿಂದಿದ್ದರು. 1938ರ ಕಾಯ್ದೆ ಇವನ್ನು ಬಿಡಿಸಿತು. ರೈತ ಕಲೆಕ್ಟರ್‌ಗೆ ಅರ್ಜಿ ಹಾಕಬೇಕು. ಅಡಮಾನ ಇಟ್ಟುಕೊಂಡವನು ಅಸಲಿನ ದುಪ್ಪಟ್ಟು ಲಾಭ ಈಗಾಗಲೇ ಪಡೆದಿದ್ದರೆ ಹೊಲ ಹಾಗೆಯೇ ವಾಪಸ್. ಇಲ್ಲದಿದ್ದರೆ ಕಲೆಕ್ಟರ್ ಒಂದು ಮೊತ್ತ ನಿಗದಿ ಮಾಡುತ್ತಾರೆ. ಅದೇ ದುಪ್ಪಟ್ಟಿನ ಅಳತೆ ಇಲ್ಲಿಯೂ ಬಂದಿದ್ದನ್ನು ಗಮನಿಸಿ.

ಮೂರನೆಯದು ಬೇನಾಮಿಗೆ ತಡೆ. 1900ರ ಕಾಯ್ದೆಯ ದೊಡ್ಡ ತೂತು ಇದು. ತನ್ನ ಹೆಸರಿಗೆ ಭೂಮಿ ಕೊಳ್ಳಲಾಗದ ಸಾಹುಕಾರ ಕೃಷಿಕ ಜಾತಿಯ ಯಾರದೋ ಹೆಸರಿಗೆ ಬರೆಸಿ ತಾನು ಅನುಭವಿಸುತ್ತಿದ್ದ. ತಿದ್ದುಪಡಿ ಬಂದು ಅಂಥ ವ್ಯವಹಾರಗಳೆಲ್ಲ, ಹಿಂದೆ ಆದವೂ ಸೇರಿ, ರದ್ದಾಗುವಂತೆ ಮಾಡಿತು. ಕೃಷಿಕ ಜಾತಿಗೇ ಸೇರಿದ ಸಾಹುಕಾರರು ತಮ್ಮ ಸಾಲಗಾರರ ಭೂಮಿ ನುಂಗದಂತೆ ಇನ್ನೊಂದು ತಿದ್ದುಪಡಿಯೂ ಬಂತು.

ಮಂಡಿಯ ತಕ್ಕಡಿ

ಸಾಲದಿಂದ ಪಾರಾದರೂ ಬೆಳೆಗೆ ಬೆಲೆ ಸಿಗದಿದ್ದರೆ ರೈತ ಮತ್ತೆ ಸಾಲಕ್ಕೇ ಹೋಗುತ್ತಾನೆ. 1939ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ಅದಕ್ಕಾಗಿ.

ಆಗಿನ ಮಂಡಿಯಲ್ಲಿ ವ್ಯಾಪಾರ ಹೇಗೆ ನಡೆಯುತ್ತಿತ್ತು? ದಲ್ಲಾಳಿ ಮತ್ತು ಖರೀದಿದಾರ ಬಟ್ಟೆಯ ಕೆಳಗೆ ಕೈ ಇಟ್ಟು, ಬೆರಳು ಮುಟ್ಟಿ ಬೆಲೆ ಮಾತಾಡಿಕೊಳ್ಳುತ್ತಿದ್ದರು. ಮಾಲಿನ ಒಡೆಯ ಪಕ್ಕದಲ್ಲೇ ನಿಂತಿದ್ದರೂ ಅವನಿಗೆ ಬೆಲೆ ತಿಳಿಯುತ್ತಿರಲಿಲ್ಲ. ತೂಕದ ಕಲ್ಲು ಅಂಗಡಿಗೊಂದು ಥರ. ಆಮೇಲೆ ಅಡತಿ, ಹಮಾಲಿ, ತೂಗುವವನ ಕೂಲಿ, ಧರ್ಮಕ್ಕೆ, ಗೋಶಾಲೆಗೆ ಎಂದು ಒಂದೊಂದೇ ಕಡಿತ. ದಾನ ಕೊಟ್ಟ ಪುಣ್ಯ ವ್ಯಾಪಾರಿಗೆ, ದುಡ್ಡು ರೈತನದು.

ಕಾಯ್ದೆ ಬಂದ ಮೇಲೆ ಗೊತ್ತುಪಡಿಸಿದ ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡಲು ಲೈಸೆನ್ಸ್ ಬೇಕಾಯಿತು. ಯಾವ ಕಡಿತ ಮಾಡಬಹುದು, ಯಾವುದು ಕೂಡದು ಎಂದು ಪಟ್ಟಿಯಾಯಿತು. ಮಾರುಕಟ್ಟೆ ನೋಡಿಕೊಳ್ಳುವ ಸಮಿತಿಯಲ್ಲಿ ಮೂರರಲ್ಲಿ ಎರಡು ಪಾಲು ಬೆಳೆಗಾರರಿಗೆ ಸಿಕ್ಕಿತು. 1941ರಲ್ಲಿ ತೂಕ-ಅಳತೆಗೂ ಕಾಯ್ದೆ ಬಂತು.

ಇಂಥ ಯೋಚನೆ ಪಂಜಾಬಿನಲ್ಲಿ ಮಾತ್ರ ಹುಟ್ಟಿದ್ದಲ್ಲ. ಬ್ರಿಟಿಷ್ ಸರ್ಕಾರದ ಕೃಷಿ ಆಯೋಗ 1928ರಲ್ಲೇ ನಿಯಂತ್ರಿತ ಮಾರುಕಟ್ಟೆ ಬೇಕು ಎಂದಿತ್ತು. ನಮ್ಮ ಮೈಸೂರು ಸಂಸ್ಥಾನವೂ 1939ರಲ್ಲೇ ಇಂಥ ಕಾಯ್ದೆ ಮಾಡಿತು. ಇವತ್ತು ನಾವು ಎಪಿಎಂಸಿ ಎನ್ನುವುದಕ್ಕೆ ಬೇರು ಇಲ್ಲಿದೆ.

ಇದಕ್ಕೆ ವಿರೋಧ ಏನಿತ್ತು?

ರೈತರು ಇವನ್ನು 'ಸುನೆಹ್ರೀ ಕಾನೂನು', ಬಂಗಾರದ ಕಾನೂನು ಎಂದರು. ವ್ಯಾಪಾರಿಗಳು, ಸಾಹುಕಾರರು 'ಕಾಲಾ ಕಾನೂನು', ಕರಾಳ ಕಾನೂನು ಎಂದರು. ಪೇಟೆಗಳಲ್ಲಿ ಅಂಗಡಿ ಮುಚ್ಚಿ ಹರತಾಳ ಮಾಡಿದರು. ಪಂಜಾಬಿನ ಸಾಹುಕಾರರಲ್ಲಿ ಹೆಚ್ಚಿನವರು ಹಿಂದೂಗಳು, ರೈತರಲ್ಲಿ ಹೆಚ್ಚಿನವರು ಮುಸ್ಲಿಮರು. ಹಾಗಾಗಿ ಇವು ಹಿಂದೂ ವಿರೋಧಿ ಕಾಯ್ದೆಗಳು ಎಂಬ ಆರೋಪವೂ ಬಂತು. ಛೋಟು ರಾಮ್ ಸ್ವತಃ ಆರ್ಯ ಸಮಾಜದವರು. ಊರಿನಲ್ಲಿ ಇರುವುದು ಸಾಲ ಕೊಟ್ಟವನು ಮತ್ತು ಸಾಲದಲ್ಲಿ ಬಿದ್ದವನು ಎಂಬ ಎರಡೇ ಜಾತಿ ಎನ್ನುವ ಹಾಗೆ ಅವರು ರಾಜಕೀಯ ಮಾಡಿದರು. 1944ರಲ್ಲಿ ಜಿನ್ನಾ ಯೂನಿಯನಿಸ್ಟರನ್ನು ಲೀಗ್ ಹೆಸರಿನ ಕೆಳಗೆ ತರಲು ಒತ್ತಡ ಹಾಕಿದಾಗ, ಆಗ ಪ್ರಧಾನಿಯಾಗಿದ್ದ ಖಿಜರ್ ಹಯಾತ್ ಒಪ್ಪಲಿಲ್ಲ. ಛೋಟು ರಾಮ್ ಅವರ ಬೆನ್ನಿಗಿದ್ದರು.

ಇನ್ನೊಂದು ಆಕ್ಷೇಪವನ್ನು ನಾನು ಹೆಚ್ಚು ಗಟ್ಟಿಯಾದದ್ದು ಎಂದು ತಿಳಿಯುತ್ತೇನೆ. ಈ ರಕ್ಷಣೆಯ ಹೆಚ್ಚಿನ ಭಾಗ ಭೂಮಿ ಇದ್ದವರಿಗೆ. 1900ರ ಕಾಯ್ದೆಯ ಕೃಷಿಕ ಜಾತಿಗಳ ಪಟ್ಟಿಯಲ್ಲಿ ದಲಿತರು ಇರಲಿಲ್ಲ. ತಲೆಮಾರುಗಳಿಂದ ಹೊಲದಲ್ಲಿ ದುಡಿದಿದ್ದರೂ ಕಾನೂನಿನ ಕಣ್ಣಿಗೆ ಅವರು ಕೃಷಿಕರಲ್ಲ. ನಾಲ್ಕು ಕಾಸು ಕೂಡಿಸಿಕೊಂಡರೂ ಪಟ್ಟಿಯಲ್ಲಿದ್ದವರ ಭೂಮಿಯನ್ನು ಕೊಳ್ಳುವಂತಿರಲಿಲ್ಲ. ಸಾಹುಕಾರನನ್ನು ತಡೆಯಲು ಹಾಕಿದ ಬೇಲಿ ಇವರನ್ನೂ ಹೊರಗಿಟ್ಟಿತು. ಯೂನಿಯನಿಸ್ಟರು ಆ ಕಾಯ್ದೆಯನ್ನು ಕೈಬಿಡಲಿಲ್ಲ, ಅದನ್ನೇ ಬಲಪಡಿಸಿದರು. ಸಂವಿಧಾನ ಬಂದ ಮೇಲೆ, 1951ರಲ್ಲಿ, ಅದು ರದ್ದಾಯಿತು.

ಕೊನೆಯ ಸಹಿ ಮತ್ತು ಉಳಿದ ಕಾಯ್ದೆಗಳು

ರೋಹ್ತಕ್, ಹಿಸ್ಸಾರ್ ಕಡೆ ಮಳೆ ಕಡಿಮೆ. ಕಾಲುವೆ ನೀರು ಹೆಚ್ಚಾಗಿ ಹರಿದಿದ್ದು ಪಶ್ಚಿಮ ಪಂಜಾಬಿಗೆ. ಸಟ್ಲೆಜ್ ನದಿಗೆ ಭಾಕ್ರಾದಲ್ಲಿ ಅಣೆಕಟ್ಟು ಕಟ್ಟಿದರೆ ಈ ಒಣನೆಲಕ್ಕೆ ನೀರು ತರಬಹುದು ಎಂಬ ಯೋಜನೆ ಹಳೆಯದು. ಮುಳುಗುವ ಭೂಮಿ ಬಿಲಾಸ್‌ಪುರ ಸಂಸ್ಥಾನದ್ದು, ಅಲ್ಲಿನ ರಾಜ ಒಪ್ಪಬೇಕಿತ್ತು. 1944ರ ನವೆಂಬರ್‌ನಲ್ಲಿ ಕಂದಾಯ ಸಚಿವರಾಗಿ ಛೋಟು ರಾಮ್ ರಾಜನೊಂದಿಗೆ ಒಪ್ಪಂದಕ್ಕೆ ಸಹಿ ಮಾಡಿದರು. ಯೋಜನೆ ಅಂತಿಮವಾಗಿದ್ದು 1945ರ ಜನವರಿ 8ರಂದು. ಮರುದಿನ, ಜನವರಿ 9ರಂದು, ಲಾಹೋರಿನಲ್ಲಿ ಅವರು ತೀರಿಕೊಂಡರು. ಅಣೆಕಟ್ಟು ದೇಶಕ್ಕೆ ಸಮರ್ಪಣೆಯಾಗಿದ್ದು 1963ರಲ್ಲಿ.

ಅವರ ಊರಾದ ಸಾಂಪ್ಲಾದಲ್ಲಿ 2018ರಲ್ಲಿ 64 ಅಡಿ ಎತ್ತರದ ಪ್ರತಿಮೆ ನಿಂತಿದೆ. ಕಾಯ್ದೆಗಳ ಕುರುಹು ಅಷ್ಟು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ, ಪಂಜಾಬ್ ಮತ್ತು ಹರಿಯಾಣದ ಕೋರ್ಟುಗಳಲ್ಲಿ ಹುಡುಕಬೇಕು. ಅಲ್ಲಿ ಸಾಲ ವಸೂಲಿಯ ದಾವೆ ಬಂದರೆ ಸಾಲಗಾರನ ವಕೀಲರು ಇವತ್ತಿಗೂ 1938ರ ಕಾಯ್ದೆ ತೆಗೆದು, ಕೊಟ್ಟವರ ಲೈಸೆನ್ಸ್ ಎಲ್ಲಿ ಎಂದು ಕೇಳುತ್ತಾರೆ. ಯಾವ ಆಸ್ತಿ ಜಪ್ತಿ ಮಾಡಬಹುದು, ಯಾವುದು ಕೂಡದು ಎಂದು ಹೇಳುವ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್‌ಗೆ 1934ರಲ್ಲಿ ರೈತರ ಪರವಾಗಿ ಮಾಡಿದ ತಿದ್ದುಪಡಿಯ ಜೊತೆಗೆ, 1940ರಲ್ಲಿ ರೈತರಲ್ಲದವರಿಗೂ ಒಂದು ಸಾಲು ಸೇರಿತ್ತು. ಸಾಲಗಾರ ವಾಸವಾಗಿರುವ ಒಂದು ಮುಖ್ಯ ಮನೆಯನ್ನು ಯಾರೂ ಜಪ್ತಿ ಮಾಡಿಸುವಂತಿಲ್ಲ ಎಂದು. ಅಂಗಡಿಯವನಾಗಲಿ, ಗುಮಾಸ್ತನಾಗಲಿ, ಅದೇ ಊರಿನ ಸಾಹುಕಾರನ ಮೊಮ್ಮಗನೇ ಆಗಲಿ, ಸಾಲದಲ್ಲಿ ಬಿದ್ದಾಗ ಆ ಸಾಲು ಅವನಿಗೂ ಸಿಗುತ್ತದೆ.